ಜೇನಿನಲ್ಲಿ ಕಬ್ಬಿನ ಜಾಡು



ಒಂದು ಬಾಟಲಿ ಜೇನುತುಪ್ಪಕ್ಕೆ ಯಾರೋ ಸಕ್ಕರೆ ಪಾಕ ಬೆರೆಸಿದ್ದಾರೆ ಅಂದುಕೊಳ್ಳೋಣ. ಬೆಲ್ಲದ ನೀರು ಸುರಿದು ಕೈ ತೊಳೆದುಕೊಂಡ ದಡ್ಡ ಕಲಬೆರಕೆ ಅಲ್ಲ ಇದು. ಕಬ್ಬಿನ ಸಕ್ಕರೆಯನ್ನು ಕಿಣ್ವದಿಂದ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿಸಿ, ಹದವಾಗಿ ಬತ್ತಿಸಿ, ಬಣ್ಣಕ್ಕೂ ಗಟ್ಟಿತನಕ್ಕೂ ಹೊಂದುವಂತೆ ಬೆರೆಸಿದ್ದು. ಅಸಲಿ ಜೇನಿನಲ್ಲಿ ಇರುವುದೂ ಬಹುಪಾಲು ಇವೇ ಎರಡು ಸಕ್ಕರೆಗಳು. ಹೂವಿನಿಂದ ಬಂದ ಗ್ಲೂಕೋಸಿನಲ್ಲಿ ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಆಮ್ಲಜನಕ. ಕಬ್ಬಿನಿಂದ ಬಂದದ್ದರಲ್ಲೂ ಅಷ್ಟೇ. ನಾಲಿಗೆಗೆ ವ್ಯತ್ಯಾಸ ತಿಳಿಯದು, ಮಾಮೂಲಿ ರಾಸಾಯನಿಕ ಪರೀಕ್ಷೆಗೂ ತಿಳಿಯದು.

ಆದರೂ ಪ್ರಯೋಗಾಲಯದವರು ಒಂದು ಹನಿ ಜೇನನ್ನು ಸುಟ್ಟು, ಅದರ ಹೊಗೆಯನ್ನು ಅಳೆದು, ಇದರಲ್ಲಿ ಇಷ್ಟು ಪಾಲು ಕಬ್ಬಿನದೋ ಮೆಕ್ಕೆಜೋಳದ್ದೋ ಇದೆ ಎಂದು ಹೇಳಬಲ್ಲರು. ಈ ವಿದ್ಯೆ ಹುಟ್ಟಿದ ಬಗೆಯನ್ನು ಇವತ್ತು ಹೇಳಬೇಕೆಂದಿದ್ದೇನೆ. ಇದಕ್ಕೆ ಕೈಹಾಕಿದವರಲ್ಲಿ ಬಹುತೇಕ ಯಾರೂ ಜೇನನ್ನು ಪರೀಕ್ಷಿಸಲು ಹೊರಟವರಲ್ಲ. ಒಬ್ಬರಿಗೆ ಪರಮಾಣುವಿನ ತೂಕ ಬೇಕಿತ್ತು, ಇನ್ನೊಬ್ಬರಿಗೆ ಪ್ರಾಚೀನ ಸಮುದ್ರದ ಬಿಸಿ ಬೇಕಿತ್ತು, ಮತ್ತೊಬ್ಬರಿಗೆ ಹಳೆಯ ಜೋಳದ ದಿಂಡಿನ ವಯಸ್ಸು ಬೇಕಿತ್ತು.

ಕಾರ್ಬನ್ನಿನಲ್ಲಿ ಬಾಳಿಕೆ ಬರುವ ಎರಡು ಬಗೆ ಇವೆ. ನೂರರಲ್ಲಿ ಸುಮಾರು 99 ಭಾಗ ಕಾರ್ಬನ್-12, ಉಳಿದ ಒಂದು ಭಾಗದಷ್ಟು ಕಾರ್ಬನ್-13. ಎರಡನೆಯದರ ನ್ಯೂಕ್ಲಿಯಸ್ಸಿನಲ್ಲಿ ಒಂದು ನ್ಯೂಟ್ರಾನ್ ಹೆಚ್ಚು, ಹಾಗಾಗಿ ತೂಕ ಚೂರು ಹೆಚ್ಚು. ಅದು ವಿಕಿರಣ ಸೂಸುವುದಿಲ್ಲ, ಯಾರಿಗೂ ಅಪಾಯವಿಲ್ಲ. ನಾವು ತಿನ್ನುವ ಪ್ರತಿ ತುತ್ತಿನಲ್ಲೂ ಇದೆ. ಇವೆರಡನ್ನೂ ಬೇರೆ ಮಾಡಿ ಎಣಿಸುವ ಯಂತ್ರಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಎನ್ನುತ್ತಾರೆ. ಕೇಂಬ್ರಿಜ್‌ನಲ್ಲಿ ಜೆ. ಜೆ. ಥಾಮ್ಸನ್ ನಿಯಾನ್ ಅನಿಲದಲ್ಲಿ ಎರಡು ತೂಕದ ಪರಮಾಣುಗಳಿರುವ ಸುಳಿವು ಹಿಡಿದರು. ಅವರ ಶಿಷ್ಯ ಆಸ್ಟನ್ 1919ರಲ್ಲಿ ಆ ಉಪಕರಣವನ್ನು ಸುಧಾರಿಸಿ 1922ರಲ್ಲಿ ನೊಬೆಲ್ ಪಡೆದರು. ಕಣದಲ್ಲಿ ರಾಶಿ ತೂರುವಾಗ ಒಂದೇ ಗಾಳಿಗೆ ಹೊಟ್ಟು ದೂರ ಹಾರಿ ಕಾಳು ಹತ್ತಿರ ಬೀಳುತ್ತದಲ್ಲ, ಇಲ್ಲಿ ಗಾಳಿಯ ಜಾಗದಲ್ಲಿ ಅಯಸ್ಕಾಂತ ಇದೆ. ವಸ್ತುವನ್ನು ಸುಟ್ಟು ಇಂಗಾಲದ ಡೈಆಕ್ಸೈಡ್ ಮಾಡಿ, ಅದರ ಅಣುಗಳಿಗೆ ವಿದ್ಯುತ್ತಿನ ಆವೇಶ ಕೊಟ್ಟು ಅಯಸ್ಕಾಂತದ ನಡುವೆ ಓಡಿಸಿದರೆ ಹಗುರವಾದವು ಹೆಚ್ಚು ಬಾಗುತ್ತವೆ, ಭಾರದವು ಕಡಿಮೆ. 44 ತೂಕದವು ಒಂದು ಬಟ್ಟಲಿಗೆ, 45ರವು ಇನ್ನೊಂದಕ್ಕೆ.

ಈ ಯಂತ್ರವನ್ನು ಭೌತವಿಜ್ಞಾನಿಗಳ ಕೋಣೆಯಿಂದ ಹೊರಗೆ ತಂದು ಎಲ್ಲರ ಕೈಗೆ ಕೊಟ್ಟವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆಲ್‌ಫ್ರೆಡ್ ನೀಯರ್. 1940ರಲ್ಲಿ ಯುರೇನಿಯಂ-235 ಅನ್ನು ಕಣದಷ್ಟು ಬೇರ್ಪಡಿಸಿ ಕೊಟ್ಟವರೂ ಅವರೇ. ನಿಧಾನಗತಿಯ ನ್ಯೂಟ್ರಾನಿಗೆ ಒಡೆಯುವುದು ಈ 235 ಎಂಬುದು ಖಚಿತವಾದದ್ದು ಆ ಚಿಟಿಕೆಯಿಂದಲೇ. ಅದರ ಮುಂದಿನ ಕಥೆ ಹಿರೋಶಿಮಾಕ್ಕೆ ಹೋಗುತ್ತದೆ, ನಾವು ಆ ದಾರಿಗೆ ಹೋಗುವುದು ಬೇಡ. ಅದಕ್ಕೆ ಒಂದು ವರ್ಷ ಮೊದಲು, 1939ರಲ್ಲಿ, ನೀಯರ್ ಮತ್ತು ಅವರ ಸಹೋದ್ಯೋಗಿ ಗುಲ್‌ಬ್ರಾನ್ಸನ್ ಇನ್ನೊಂದು ಸಂಗತಿ ಪ್ರಕಟಿಸಿದ್ದರು: ಸುಣ್ಣಕಲ್ಲಿನಲ್ಲಿ ಕಾರ್ಬನ್-13 ಸ್ವಲ್ಪ ಹೆಚ್ಚು, ಗಿಡಮರಗಳಲ್ಲಿ ಸ್ವಲ್ಪ ಕಡಿಮೆ. ಎಲ್ಲ ಕಾರ್ಬನ್ನೂ ಒಂದೇ ಎಂದುಕೊಂಡಿದ್ದವರಿಗೆ ಇದು ಹೊಸತು. ಗಿಡ ಗಾಳಿಯಿಂದ ಕಾರ್ಬನ್ ತೆಗೆದುಕೊಳ್ಳುವಾಗ ಆರಿಸಿ ತೆಗೆದುಕೊಳ್ಳುತ್ತಿದೆ ಎಂದಾಯಿತು.

ಅಳತೆ ಎಂದ ಮೇಲೆ ಒಂದು ಮೂಲಮಾನ ಬೇಕು. ಅದನ್ನು ಕೊಟ್ಟವರು ಭೂವಿಜ್ಞಾನದ ಕಡೆಯವರು. ಭಾರಜಲಜನಕ ಕಂಡುಹಿಡಿದು ನೊಬೆಲ್ ಪಡೆದಿದ್ದ ಹೆರಾಲ್ಡ್ ಯೂರಿ, ಮಹಾಯುದ್ಧ ಮುಗಿದ ಮೇಲೆ ಶಿಕಾಗೊದಲ್ಲಿ ಕುಳಿತು, ಕೋಟ್ಯಂತರ ವರ್ಷ ಹಿಂದಿನ ಸಮುದ್ರ ಎಷ್ಟು ಬೆಚ್ಚಗಿತ್ತು ಎಂದು ಚಿಪ್ಪಿನ ಪಳೆಯುಳಿಕೆಯಲ್ಲಿರುವ ಆಮ್ಲಜನಕದಿಂದ ಲೆಕ್ಕ ಹಾಕಲು ಹೊರಟರು. ಅವರ ಬಳಗ ಆರಿಸಿಕೊಂಡದ್ದು ಬೆಲೆಮ್ನೈಟ್. ಡೈನೋಸಾರ್ ಕಾಲದ, ಇಂದಿನ ಬೊಂಡಾಸಿನ ದೂರದ ನೆಂಟನಂಥ ಸಮುದ್ರಪ್ರಾಣಿಯ ಗಟ್ಟಿ ಕಡ್ಡಿ ಅದು, ನೋಡಲು ಬಂದೂಕಿನ ಗುಂಡಿನ ಆಕಾರ. ನಮ್ಮ ನೆರೆಯ ತಮಿಳುನಾಡಿನ ಅರಿಯಲೂರು, ಪೆರಂಬಲೂರಿನ ಬಯಲಿನಲ್ಲೂ ಇಂಥವು ಸಿಗುತ್ತವೆ. ಯೂರಿಯವರದು ದಕ್ಷಿಣ ಕ್ಯಾರೊಲೈನಾದ ಪೀಡೀ ಎಂಬ ಶಿಲಾಸ್ತರದ್ದು. ಆ ಬೆಲೆಮ್ನೈಟಿನ ಕಾರ್ಬನ್ನೇ ಜಗತ್ತಿಗೆಲ್ಲ ಸೊನ್ನೆಯ ಗುರುತಾಯಿತು. ಅರೆದು ಅರೆದು ಆ ಪುಡಿ ಮುಗಿದೇಹೋಯಿತು. ಈಗ ಬಳಸುವುದು ಅದಕ್ಕೆ ಹೊಂದಿಸಿದ, ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಹೆಸರು ಹೊತ್ತ ಮಾನ. ಇವತ್ತು ಯಾವ ದೇಶದಲ್ಲಿ ಜೇನು ಪರೀಕ್ಷೆಯಾದರೂ ವರದಿಯಲ್ಲಿ ಬರುವ ಅಂಕಿಯ ಸೊನ್ನೆ ಆ ಸತ್ತ ಪ್ರಾಣಿಯ ಕಡ್ಡಿಯಿಂದ ಬಂದದ್ದು.

ಲೆಕ್ಕ ಸಾವಿರದ ಪಾಲಿನಲ್ಲಿ. ಮಾನಕ್ಕಿಂತ ಸಾವಿರಕ್ಕೆ 25ರಷ್ಟು ಕಡಿಮೆ ಇದ್ದರೆ ಮೈನಸ್ 25 ಎನ್ನುತ್ತಾರೆ. ಪರಮಾಣುಗಳನ್ನೇ ಎಣಿಸುವುದಾದರೆ ಹೀಗೆ: ಒಂದು ಲಕ್ಷ ಕಾರ್ಬನ್-12ಕ್ಕೆ ಆ ಬೆಲೆಮ್ನೈಟಿನಲ್ಲಿ ಸುಮಾರು 1,124 ಕಾರ್ಬನ್-13 ಇವೆ. ಜೇನಿನಲ್ಲಿ 1,095. ಕಬ್ಬಿನ ಸಕ್ಕರೆಯಲ್ಲಿ 1,111. ಜೇನಿಗೂ ಕಬ್ಬಿಗೂ ಲಕ್ಷಕ್ಕೆ ಹದಿನಾರು ಪರಮಾಣುಗಳ ಅಂತರ. ಆ ಹದಿನಾರನ್ನು ನಂಬಿಕೆಯಿಂದ ಎಣಿಸಬಲ್ಲ ಯಂತ್ರ ಇಲ್ಲದಿದ್ದರೆ ಈ ಮಾತೇ ಇಲ್ಲ.

ಆದರೆ ಕಬ್ಬು ಯಾಕೆ ಬೇರೆ? ಇದರ ಮೊದಲ ತಕರಾರು ಎದ್ದದ್ದು ಪುರಾತತ್ತ್ವದವರಿಂದ. ಉತ್ಖನನದಲ್ಲಿ ಸಿಕ್ಕ ಮೆಕ್ಕೆಜೋಳದ ದಿಂಡುಗಳನ್ನು ಕಾರ್ಬನ್-14ರಿಂದ ಕಾಲನಿರ್ಣಯಕ್ಕೆ ಕಳಿಸಿದರೆ, ಅದೇ ಗುಂಡಿಯಲ್ಲಿ ಸಿಕ್ಕ ಕಟ್ಟಿಗೆಯ ಇದ್ದಿಲಿಗಿಂತ ಇನ್ನೂರು ವರ್ಷಕ್ಕೂ ಹೆಚ್ಚು ಚಿಕ್ಕ ವಯಸ್ಸು ಬರುತ್ತಿತ್ತು. ಒಂದೇ ಒಲೆಯ ಕಟ್ಟಿಗೆಗೂ ಅದರಲ್ಲಿ ಸುಟ್ಟ ಜೋಳಕ್ಕೂ ಇನ್ನೂರು ವರ್ಷದ ಅಂತರ ಹೇಗೆ ಸಾಧ್ಯ? 1967ರಲ್ಲಿ ರಾಬರ್ಟ್ ಹಾಲ್ ಎಂಬ ಪುರಾತತ್ತ್ವಜ್ಞರು ಇದು ಅಗೆತದ ತಪ್ಪಲ್ಲ, ಜೋಳದ ಸ್ವಭಾವ ಎಂದು ಬರೆದರು. ಮರುವರ್ಷ ವಿಸ್ಕಾನ್ಸಿನ್ ಕಾಲನಿರ್ಣಯ ಪ್ರಯೋಗಾಲಯದ ಮಾರ್ಗರೆಟ್ ಬೆಂಡರ್ ಜೋಳವನ್ನೂ ಇತರ ಹುಲ್ಲುಗಳನ್ನೂ ಅಳೆದು ತೋರಿಸಿದರು: ಜೋಳದಲ್ಲಿ ಭಾರದ ಕಾರ್ಬನ್ ನಿಜಕ್ಕೂ ಹೆಚ್ಚು. 13 ಹೆಚ್ಚಿದ್ದರೆ ಕಾಲ ಕಳೆದಂತೆ ಕರಗುವ 14 ಕೂಡ ಹೆಚ್ಚು, ಹಾಗಾಗಿ ವಯಸ್ಸು ಚಿಕ್ಕದಾಗಿ ಕಾಣುತ್ತದೆ.

ಅದೇ ವೇಳೆಗೆ ಬೇರೆ ದಿಕ್ಕಿನಿಂದ ಸಸ್ಯವಿಜ್ಞಾನಿಗಳು ಬರುತ್ತಿದ್ದರು. ಎಲೆ ಇಂಗಾಲವನ್ನು ಸಕ್ಕರೆ ಮಾಡುವ ಹಾದಿಯನ್ನು ಬರ್ಕ್ಲಿಯ ಮೆಲ್ವಿನ್ ಕಾಲ್ವಿನ್ ಬಿಡಿಸಿ 1961ರಲ್ಲಿ ನೊಬೆಲ್ ಪಡೆದಾಗಿತ್ತು. ಮೊದಲು ಹುಟ್ಟುವುದು ಮೂರು ಕಾರ್ಬನ್ನಿನ ಸಂಯುಕ್ತ, ಪಾಠ ಮುಗಿಯಿತು ಎಂದೇ ಎಲ್ಲರ ಎಣಿಕೆ. ಆದರೆ ಹವಾಯಿಯ ಕಬ್ಬು ಬೆಳೆಗಾರರ ಸಂಘದ ಪ್ರಯೋಗಾಲಯದಲ್ಲಿ ಕಬ್ಬಿನ ಎಲೆ ಈ ಪಾಠ ಒಪ್ಪುತ್ತಿರಲಿಲ್ಲ. ಅಲ್ಲಿ ಮೊದಲು ಕಾಣುತ್ತಿದ್ದದ್ದು ನಾಲ್ಕು ಕಾರ್ಬನ್ನಿನದು. ಸೋವಿಯತ್ ಒಕ್ಕೂಟದ ಕಾರ್ಪಿಲೊವ್ ಮೆಕ್ಕೆಜೋಳದಲ್ಲಿ ಇದನ್ನೇ ಕಂಡಿದ್ದರು, ಆದರೆ ಅವರ ಬರಹ ಪಶ್ಚಿಮದವರ ಕಣ್ಣಿಗೆ ಬೀಳಲಿಲ್ಲ. ಹವಾಯಿಯವರು 1965ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಹ್ಯಾಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ, ಅದೂ ಒಂದು ಸಕ್ಕರೆ ಕಂಪನಿಯ ಪ್ರಯೋಗಾಲಯದಲ್ಲೇ, ಇಡೀ ಹಾದಿಯನ್ನು ಬಿಡಿಸಿಟ್ಟರು. ಸಕ್ಕರೆ ವ್ಯಾಪಾರಿಗಳ ದುಡ್ಡಿನಲ್ಲಿ ನಡೆದ ಕೆಲಸವೇ ಮುಂದೆ ಸಕ್ಕರೆ ಕಲಬೆರಕೆಯನ್ನು ಹಿಡಿದುಕೊಟ್ಟಿತು. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ತಿರುವು ಇದು.

ಎಲೆಯೊಳಗೆ ಆಗುವುದು ಹೀಗೆ. ಭತ್ತ, ಗೋಧಿ, ತೊಗರಿ, ತೆಂಗು, ಮಾವು ಇವೆಲ್ಲ ಗಾಳಿಯ ಇಂಗಾಲವನ್ನು ನೇರವಾಗಿ ರುಬಿಸ್ಕೊ ಎಂಬ ಕಿಣ್ವದ ಕೈಗೆ ಕೊಡುತ್ತವೆ. ರುಬಿಸ್ಕೊಗೆ ಹಗುರ ಕಾರ್ಬನ್ನಿನ ಮೇಲೆ ಒಲವು. ಭಾರದ್ದನ್ನು ಸಾಧ್ಯವಾದಷ್ಟು ಬಿಟ್ಟುಬಿಡುತ್ತದೆ, ಅದು ಎಲೆಯ ರಂಧ್ರದಿಂದ ವಾಪಸು ಹೋಗುತ್ತದೆ. ಕಬ್ಬಿನಲ್ಲಿ ಬೇರೆ ಏರ್ಪಾಟು. ಇನ್ನೊಂದು ಕಿಣ್ವ, ಅಷ್ಟೇನೂ ಆರಿಸದ ಕಿಣ್ವ, ಇಂಗಾಲವನ್ನು ಮೊದಲು ಹಿಡಿದು ಎಲೆಯ ನರದ ಸುತ್ತ ಉಂಗುರದಂತೆ ನಿಂತಿರುವ ಕೋಶಗಳೊಳಕ್ಕೆ ತುಂಬುತ್ತದೆ. ಅಲ್ಲೂ ರುಬಿಸ್ಕೊ ಇದೆ. ಆದರೆ ಮುಚ್ಚಿದ ಕೋಣೆಯಲ್ಲಿ ಅದಕ್ಕೆ ಆಯ್ಕೆಯಿಲ್ಲ, ಬಂದದ್ದನ್ನೆಲ್ಲ ತೆಗೆದುಕೊಳ್ಳಲೇಬೇಕು. ಆ ಉಂಗುರವನ್ನು ಜರ್ಮನ್ ಭಾಷೆಯ ಸಸ್ಯವಿಜ್ಞಾನಿ ಹೇಬರ್‌ಲಾಂಟ್ 1880ರ ದಶಕದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ ವರ್ಣಿಸಿದ್ದರು. ಅದರ ಕೆಲಸ ಏನೆಂದು ತಿಳಿಯಲು ಇನ್ನೂ ಎಂಬತ್ತು ವರ್ಷ ಬೇಕಾಯಿತು. ಮೊದಲ ಬಗೆಯ ಗಿಡಗಳನ್ನು ಸಿ-3 ಎಂದೂ ಎರಡನೆಯದನ್ನು ಸಿ-4 ಎಂದೂ ಕರೆಯುತ್ತಾರೆ. 1971ರಲ್ಲಿ ಬ್ರೂಸ್ ಸ್ಮಿತ್ ಮತ್ತು ಸ್ಯಾಮುಯೆಲ್ ಎಪ್‌ಸ್ಟೈನ್ ಹಲವು ಕುಟುಂಬಗಳ ಗಿಡಗಳನ್ನು ಅಳೆದಾಗ ಅವು ಎರಡು ಗುಂಪಾಗಿ ಬಿದ್ದವು: ಒಂದು ಮೈನಸ್ 27ರ ಆಸುಪಾಸು, ಇನ್ನೊಂದು ಮೈನಸ್ 13ರ ಆಸುಪಾಸು. ಎಪ್‌ಸ್ಟೈನ್ ಮೂಲತಃ ಭೂರಸಾಯನ ವಿಜ್ಞಾನಿ, ಯೂರಿಯವರ ಬೆಲೆಮ್ನೈಟ್ ಬಳಗದವರೇ.

ಈಗ ಜೇನಿಗೆ ಬರೋಣ. 1970ರ ದಶಕದಲ್ಲಿ ಅಮೆರಿಕದಲ್ಲಿ ಮೆಕ್ಕೆಜೋಳದಿಂದ ತೆಗೆದ ಅಗ್ಗದ ಫ್ರಕ್ಟೋಸ್ ಪಾಕ ಮಾರುಕಟ್ಟೆಗೆ ಬಂತು. ಜೇನಿಗೆ ಬೆರೆಸಲು ಹೇಳಿ ಮಾಡಿಸಿದಂತಿತ್ತು. ಫಿಲಡೆಲ್ಫಿಯಾದ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಜೇನಿನ ಮೇಲೇ ಜೀವನ ಕಳೆದ ಜೊನಾಥನ್ ವೈಟ್ ಮತ್ತು ಅವರ ಜೊತೆಗಾರ ಲ್ಯಾಂಡಿಸ್ ಡೋನರ್, ಬೇರೆಬೇರೆ ಹೂವಿನ, ಬೇರೆಬೇರೆ ಊರಿನ ಜೇನುಗಳನ್ನು ಅಳೆಸಿ ನೋಡಿದರು. ಎಲ್ಲವೂ ಮೈನಸ್ 25ರ ಹತ್ತಿರ ಗುಂಪುಗೂಡಿದ್ದವು. ಜೋಳದ ಪಾಕ ಮೈನಸ್ 10ರ ಹತ್ತಿರ. ಇದಕ್ಕೆ ಕಾರಣ ಹುಲ್ಲಿನ ಜಾತಿಗಳ ಹೂವಿನಲ್ಲಿದೆ. ಕಬ್ಬು, ಜೋಳ, ರಾಗಿ ಇವೆಲ್ಲ ಪರಾಗಸ್ಪರ್ಶಕ್ಕೆ ಹುಳುಗಳನ್ನು ನೆಚ್ಚದ ಹುಲ್ಲುಗಳು, ಇವಕ್ಕೆ ಮಕರಂದವೇ ಇಲ್ಲ. ಜೇನುಹುಳ ಜೋಳದ ತೆನೆಗೆ ಬಂದರೆ ಪರಾಗಕ್ಕೆ ಬರುತ್ತದೆ. ಮಕರಂದಕ್ಕೆ ಅದು ಹೋಗುವ ನೇರಳೆ, ಅಂಟುವಾಳ, ಹೊಂಗೆ, ಸೂರ್ಯಕಾಂತಿ, ರಬ್ಬರ್ ಎಲ್ಲವೂ ಸಿ-3. ಹೀಗಾಗಿ ಜೇನಿನಲ್ಲಿ ಭಾರದ ಕಾರ್ಬನ್ ಹೆಚ್ಚಿದೆ ಅಂದರೆ ಯಾರೋ ಸುರಿದಿದ್ದಾರೆ.

ವಕೀಲರು ಬಿಡುತ್ತಾರೆಯೇ? ನನ್ನ ಊರಿನ ಹೂವೇ ಹಾಗೆ ಎಂದರೆ? ವೈಟ್ ಅದಕ್ಕೂ ಒಂದು ದಾರಿ ಕಂಡುಕೊಂಡರು. ಜೇನಿನಲ್ಲಿ ಒಂದಿಷ್ಟು ಪ್ರೋಟೀನ್ ಇರುತ್ತದೆ, ಬಹುಪಾಲು ಹುಳುವಿನ ಮೈಯಿಂದ ಬಂದದ್ದು. ಪರಾಗವನ್ನು ಸೋಸಿ ತೆಗೆದು, ಪ್ರೋಟೀನನ್ನು ಬೇರೆ ಮಾಡಿ ಅಳೆದರೆ ಅದರ ಅಂಕಿ ಜೇನಿನ ಅಂಕಿಗೆ ಹೊಂದಬೇಕು. ಸಕ್ಕರೆ ಪಾಕದಲ್ಲಿ ಪ್ರೋಟೀನ್ ಇರುವುದಿಲ್ಲವಾದ್ದರಿಂದ ಬೆರೆಸಿದಾಗ ಸಕ್ಕರೆಯ ಅಂಕಿ ಜಾರುತ್ತದೆ, ಪ್ರೋಟೀನಿನದು ನಿಂತಲ್ಲೇ ನಿಲ್ಲುತ್ತದೆ. ಪ್ರೋಟೀನ್ ಮೈನಸ್ 25, ಜೇನು ಮೈನಸ್ 24 ಬಂತು ಎನ್ನಿ. ಪಾಕದ್ದು ಮೈನಸ್ 9.7 ಎಂದು ಹಿಡಿದು ಭಾಗಿಸಿದರೆ ನೂರಕ್ಕೆ ಆರೂವರೆ ಏಳರಷ್ಟು ಬೆರಕೆ. ಅಲ್ಲಿಗೆ ಗೆರೆ ಎಳೆದಿದ್ದಾರೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಜೇನಿನ ನಿಯಮದಲ್ಲೂ ಸಿ-4 ಸಕ್ಕರೆಗೆ ಇರುವ ಮಿತಿ ಶೇಕಡಾ 7.

ಪ್ರಾಮಾಣಿಕ ಸಾಕಣೆದಾರರ ಪರವಾಗಿ ಇಲ್ಲಿ ಒಂದು ಮಾತು. ಮಳೆಗಾಲದಲ್ಲಿ ಹೂವಿಲ್ಲದಾಗ ಪೆಟ್ಟಿಗೆಯ ಹುಳುಗಳಿಗೆ ಸಕ್ಕರೆ ನೀರು ಕೊಡುವುದು ಮಲೆನಾಡಿನಲ್ಲಿ ಮಾಮೂಲು, ಕೊಡದಿದ್ದರೆ ಕುಟುಂಬ ಸಾಯುತ್ತದೆ ಅಥವಾ ಹಾರಿಹೋಗುತ್ತದೆ. ಆ ಸಕ್ಕರೆ ಎರಿಯಲ್ಲಿ ಉಳಿದಿದ್ದು ಮುಂದಿನ ಜೇನಿನ ಜೊತೆ ಬಂದರೆ ಯಂತ್ರ ಅದನ್ನೂ ಹಿಡಿಯುತ್ತದೆ. ಯಂತ್ರಕ್ಕೆ ಉದ್ದೇಶ ಕಾಣುವುದಿಲ್ಲ.

ಈ ಕಾರ್ಬನ್ ಗುರುತು ಜೇನಿಗೆ ಮುಗಿಯುವುದಿಲ್ಲ, ತಿಂದವರ ಮೈಗೂ ಹೋಗುತ್ತದೆ. ಕನ್ನಡ ನಾಡಿನಷ್ಟು ಇದಕ್ಕೆ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. ಹಳೇ ಮೈಸೂರಿನ ರಾಗಿ ಮುದ್ದೆ ಸಿ-4. ವಿಜಯಪುರ, ಕಲಬುರಗಿಯ ಜೋಳದ ರೊಟ್ಟಿ ಸಿ-4, ಸಜ್ಜೆ ರೊಟ್ಟಿಯೂ ಹಾಗೇ. ನವಣೆ, ಸಾಮೆ, ಹಾರಕ, ಬರಗು, ಊದಲು, ಕೊರಲೆ ಎಲ್ಲವೂ ಸಿ-4. ಕರಾವಳಿಯ ಕುಚ್ಚಲಕ್ಕಿ, ಕೊಡಗಿನ ಕಡಂಬುಟ್ಟು ಸಿ-3. ಅನ್ನವನ್ನೇ ಉಂಡು ಬೆಳೆದವರ ಕೂದಲಿಗೂ ಮುದ್ದೆ ಉಂಡವರ ಕೂದಲಿಗೂ ಈ ಯಂತ್ರದಲ್ಲಿ ಬೇರೆ ಅಂಕಿ ಬರಬೇಕು. ಜೋಳದ ಸಪ್ಪೆ, ಕಬ್ಬಿನ ಗರಿ ಮೇಯುವ ಹಸುವಿನ ಹಾಲೂ ಲೆಕ್ಕದೊಳಗೆ ಬರುವುದರಿಂದ ಓದು ಅಷ್ಟು ಸಲೀಸಲ್ಲ. ಮೂಳೆಯಲ್ಲಿ ಈ ಗುರುತು ಸಾವಿರಾರು ವರ್ಷ ಉಳಿಯುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮೆಕ್ಕೆಜೋಳವನ್ನು ಮುಖ್ಯ ಆಹಾರ ಮಾಡಿಕೊಂಡದ್ದು ಯಾವಾಗ ಎಂದು ಫೋಗೆಲ್ ಮತ್ತು ವಾನ್ ಡೆರ್ ಮೆರ್ವ 1977ರಲ್ಲಿ ಮೂಳೆಗಳಿಂದಲೇ ಓದಿದರು.

ನಮ್ಮಲ್ಲಿ ಓದಿಸಿಕೊಂಡವು ಆನೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಆನೆಗಳ ಹಿಂದೆ ನಡೆದು ಅವು ಏನು ತಿನ್ನುತ್ತವೆ ಎಂದು ದಾಖಲಿಸಿದವರು. ಕಾಡಿನ ಒಣ ಬಯಲಿನ ಹುಲ್ಲು ಸಿ-4, ಗಿಡಮರದ ಸೊಪ್ಪು ಸಿ-3. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಜೊತೆ ಸತ್ತ ಆನೆಗಳ ಮೂಳೆಯನ್ನು ಅಳೆದಾಗ, ಆನೆಯ ಮೈ ಕಟ್ಟುವುದರಲ್ಲಿ ಸೊಪ್ಪಿನ ಪಾಲು ಕಣ್ಣಿಗೆ ಕಂಡದ್ದಕ್ಕಿಂತ ದೊಡ್ಡದೆಂದು ತಿಳಿಯಿತು. ಇವರಿಬ್ಬರೂ ಪಂತ್ ಮತ್ತು ರಾಜಗೋಪಾಲನ್ ಅವರೊಡನೆ ಸೇರಿ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಇನ್ನೂ ದೊಡ್ಡ ಕೆಲಸ ಪ್ರಕಟಿಸಿದರು. ನೀಲಗಿರಿಯ ಮೇಲಿನ ಜೌಗು ಕಣಿವೆಗಳಲ್ಲಿ ಸಾವಿರಾರು ವರ್ಷಗಳ ಸತ್ತ ಹುಲ್ಲು ಎಲೆ ಕೊಳೆಯದೆ ಪದರ ಪದರವಾಗಿ ಕುಳಿತಿದೆ. ಒಣಹವೆಯಲ್ಲಿ ಸಿ-4 ಹುಲ್ಲು ಹಬ್ಬುತ್ತದೆ, ಮಳೆ ಹೆಚ್ಚಿದರೆ ಸಿ-3 ಗಿಡಗಳು. ಪದರಗಳ ಕಾರ್ಬನ್ ಅಳೆದರೆ ಹಳೆಯ ಮುಂಗಾರಿನ ಏರಿಳಿತ ಸಿಕ್ಕಂತೆ. ಕೊನೆಯ ಹಿಮಯುಗದ ತುತ್ತತುದಿಯಲ್ಲಿ, ಸುಮಾರು 18,000 ವರ್ಷದ ಹಿಂದೆ, ನೀಲಗಿರಿ ಒಣಗಿತ್ತು. ಹಿಮಯುಗ ಮುಗಿಯುತ್ತಿದ್ದಂತೆ ಮುಂಗಾರು ಬಲವಾಯಿತು. ಆನೆಯ ಮೇವು ಹುಡುಕಲು ಹೊರಟವರು ಮಳೆಯ ಚರಿತ್ರೆ ತಂದರು.

ಇದರ ನಡುವೆ ಗಾಳಿಯೇ ಬದಲಾಗುತ್ತಿದೆ. ಕಲ್ಲಿದ್ದಲು, ಪೆಟ್ರೋಲು ಹಿಂದಿನ ಕಾಲದ ಗಿಡ ಮತ್ತು ಪಾಚಿಯಿಂದ ಬಂದವು, ಅವುಗಳ ಕಾರ್ಬನ್ ಹಗುರ. ಸುಟ್ಟಷ್ಟೂ ಗಾಳಿಯ ಅಂಕಿ ಇಳಿಯುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಮೈನಸ್ ಆರೂವರೆಯ ಹತ್ತಿರವಿದ್ದದ್ದು ಈಗ ಮೈನಸ್ ಎಂಟೂವರೆಯ ಹತ್ತಿರ. ವೈಟ್ ಜೇನು ಅಳೆದ ಕಾಲದಿಂದ ಇಲ್ಲಿಯವರೆಗೇ ಸುಮಾರು ಒಂದು ಇಳಿದಿದೆ, ಅಂದರೆ ಕಲಬೆರಕೆಯ ಗೆರೆಯಷ್ಟೇ ದೊಡ್ಡ ಬದಲಾವಣೆ. ಪ್ರೋಟೀನಿಗೂ ಸಕ್ಕರೆಗೂ ಒಂದೇ ಗಾಳಿ ಆದ್ದರಿಂದ ಪರೀಕ್ಷೆ ಕೆಡದೆ ಉಳಿದಿದೆ.

ಕೆಡಿಸಿದವರು ಮನುಷ್ಯರೇ. ವೆನಿಲಾ ನೆನಪಿದೆಯೇ? ಮಲೆನಾಡಿನ ರೈತರು ಅದರ ಬೆಲೆ ಏರಿ ಬಿದ್ದದ್ದನ್ನು ಮರೆತಿರಲಾರರು. ವೆನಿಲಾ ಬಳ್ಳಿಯ ಕಾರ್ಬನ್ ಅಂಕಿ ಮೈನಸ್ 20ರ ಹತ್ತಿರ, ಮರದ ತಿರುಳಿನಿಂದ ಮಾಡಿದ ಕೃತಕ ವೆನಿಲಿನ್‌ನದು ಮೈನಸ್ 27. ಪತ್ತೆ ಸುಲಭವೆಂದಾಗ ಕೃತಕ ವೆನಿಲಿನ್ನಿಗೆ ದುಬಾರಿ ಕಾರ್ಬನ್-13 ಬೆರೆಸಿ ಅಂಕಿ ಸರಿಮಾಡಿದ ಭೂಪರಿದ್ದರು! ಅಣುವಿನ ಯಾವ ಮೂಲೆಯಲ್ಲಿ ಅದು ಕೂತಿದೆ ಎಂದು ನೋಡಿ ಅವರನ್ನೂ ಹಿಡಿದರು. ಜೇನಿನಲ್ಲಿ ಅಷ್ಟು ಖರ್ಚು ಬೇಕಾಗಲಿಲ್ಲ. ಕಬ್ಬು ಜೋಳ ಬಿಟ್ಟು ಅಕ್ಕಿಯ ಪಾಕಕ್ಕೆ, ಬೀಟ್ ಪಾಕಕ್ಕೆ ಹೋದರಾಯಿತು. ಎರಡೂ ಸಿ-3. ಕಾರ್ಬನ್ ಪರೀಕ್ಷೆ ಪಾಸು.

ಪರೀಕ್ಷೆ ಸುಳ್ಳು ಹೇಳಲಿಲ್ಲ. ಕಬ್ಬು ಇದೆಯೇ ಎಂದು ಕೇಳಿದೆವು, ಇಲ್ಲ ಎಂದಿತು. ಅದನ್ನು ಶುದ್ಧ ಎಂದು ಚೀಟಿಯ ಮೇಲೆ ಬರೆದವರು ನಾವು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಮಾರುಕಟ್ಟೆಯ ಜೇನುಗಳನ್ನು ಜರ್ಮನಿಯಲ್ಲಿ ಎನ್‌ಎಂಆರ್ ಪರೀಕ್ಷೆಗೆ ಒಡ್ಡಿಸಿದಾಗ ಗದ್ದಲವಾದದ್ದು ಇದಕ್ಕೇ: ಇಲ್ಲಿನ ನಿಯಮಗಳಲ್ಲಿ ಪಾಸಾದ ಹಲವು ಅಲ್ಲಿ ನಪಾಸಾದವು. ಎನ್‌ಎಂಆರ್ ಎಂದರೆ ಆಸ್ಪತ್ರೆಯ ಎಂಆರ್‌ಐಗೆ ತಾಯಿಯಾದ ತಂತ್ರ. ಜೇನಿನ ನೂರಾರು ಘಟಕಗಳ ಸಂಕೇತವನ್ನು ಒಟ್ಟಿಗೆ ತೆಗೆದು, ಸಾವಿರಾರು ಅಸಲಿ ಜೇನುಗಳ ಭಂಡಾರಕ್ಕೆ ಹೋಲಿಸುತ್ತದೆ. ಬಲವೂ ಅಲ್ಲೇ, ದೌರ್ಬಲ್ಯವೂ ಅಲ್ಲೇ. ಭಂಡಾರದಲ್ಲಿ ನಮ್ಮ ತುಡುವೆಯ ಜೇನು, ಹೆಜ್ಜೇನು, ಮುಜಂಟಿಯ ಹುಳಿಸಿಹಿ ಜೇನು ಸಾಕಷ್ಟು ಇಲ್ಲದಿದ್ದರೆ ಯಂತ್ರ ಅವನ್ನು ಅಪರಿಚಿತರಂತೆ ನೋಡುತ್ತದೆ. ಶಿರಸಿ, ಕೊಡಗು, ಬಿಳಿಗಿರಿಯ ಅಸಲಿ ಮಾದರಿಗಳನ್ನು ಹೂವಿನ ಹೆಸರು, ತಿಂಗಳು, ಊರು ಸಮೇತ ಕೂಡಿಸಿಡುವ ಕೆಲಸಕ್ಕೆ ದೊಡ್ಡ ಯಂತ್ರ ಬೇಡ. ಗಿಡ ಗುರುತಿಸಬಲ್ಲವರು ಬೇಕು. ಯಂತ್ರಕ್ಕೆ ದುಡ್ಡು ಸಿಕ್ಕಷ್ಟು ಸುಲಭವಾಗಿ ಇಂಥವರಿಗೆ ಸಂಬಳ ಸಿಗುವುದಿಲ್ಲ ಎಂಬುದು ನನ್ನ ಗುಮಾನಿ.

ಮನೆಯಲ್ಲೇ ಪರೀಕ್ಷಿಸಬಹುದೇ ಎಂದು ಕೇಳುವವರು ಬಹಳ. ನೀರಿಗೆ ಹನಿ ಬಿಟ್ಟು ತಳಕ್ಕೆ ಹೋಗುವುದನ್ನು ನೋಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು, ಕಾಗದದ ಮೇಲೆ ಹರಡುವುದು, ಇವೆಲ್ಲ ಜೇನಿನ ನೀರಿನಂಶವನ್ನೂ ಗಟ್ಟಿತನವನ್ನೂ ತೋರಿಸುತ್ತವೆ, ಅಷ್ಟೇ. ಗಟ್ಟಿ ಪಾಕ ಎಲ್ಲದರಲ್ಲೂ ಗೆಲ್ಲುತ್ತದೆ. ಕಾಡಿನಿಂದ ಬಂದ ಅಸಲಿ ತೆಳು ಜೇನು ಸೋಲಬಹುದು. ಇನ್ನು ಬಾಟಲಿಯ ತಳದಲ್ಲಿ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎಂದು ಎಸೆಯಬೇಡಿ. ಗ್ಲೂಕೋಸ್ ಹೆಚ್ಚಿರುವ ಅಸಲಿ ಜೇನು, ಮುಖ್ಯವಾಗಿ ರಬ್ಬರ್, ಸಾಸಿವೆ, ಸೂರ್ಯಕಾಂತಿ ಜೇನು, ತಾನಾಗಿ ಹರಳಾಗುತ್ತದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮತ್ತೆ ಕರಗುತ್ತದೆ. ಕುದಿಯುವ ನೀರು ಬೇಡ, ಪರಿಮಳ ಹೋಗುತ್ತದೆ.